ಸೈರನ್ ಕೂಗುವ ಮುಂಚಿನ ಕೆಲಸ: ಪುಣೆಯಲ್ಲಿ ಅಗ್ನಿಶಾಮಕ ಅಧಿಕಾರಿಯಾಗುವ ದಾರಿ

2024ರ ಜುಲೈ 25ರ ನಸುಕು. ಖಡಕವಾಸ್ಲಾ ಅಣೆಕಟ್ಟೆಯಿಂದ ಮುಠಾ ನದಿಗೆ ಬಿಡುತ್ತಿದ್ದ ನೀರು 35,000 ಕ್ಯೂಸೆಕ್ ದಾಟಿತು. ಸಿಂಹಗಡ ರಸ್ತೆಯ ಏಕತಾ ನಗರಿಯ ಜನ ನಿದ್ದೆಗಣ್ಣಲ್ಲಿ ಬಾಲ್ಕನಿಗೆ ಬಂದು ನೋಡಿದರೆ ಕೆಳಗೆ ನಿಲ್ಲಿಸಿದ್ದ ಕಾರು, ಬೈಕುಗಳೆಲ್ಲ ನೀರಿನಡಿ. ಅಗ್ನಿಶಾಮಕ ದಳದವರು ದೋಣಿ ಇಳಿಸಿ ಮುದುಕರನ್ನೂ ಮಕ್ಕಳನ್ನೂ ಹೊರತಂದರು. ಆಮೇಲೆ ಸೇನೆಯ ತುಕಡಿಯೂ ಬಂತು. ಅದೇ ಹೊತ್ತಿಗೆ ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ, ಏರುತ್ತಿರುವ ನದಿಯನ್ನು ಕಂಡು ತಿಂಡಿ ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಸರಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು.

ಇಷ್ಟರಲ್ಲಿ ಬೆಂಕಿಯ ಒಂದು ಕಿಡಿಯೂ ಇಲ್ಲ. ಆದರೆ ಅಗ್ನಿಶಾಮಕ ಅಧಿಕಾರಿಯ ಕೆಲಸ ಏನೆಂದು ತಿಳಿಯಬೇಕಾದರೆ ನೋಡಬೇಕಾದ್ದು ಇಂಥ ನಸುಕನ್ನೇ. ನೀರು ಬಿಡುವ ತೀರ್ಮಾನ ಜಲಸಂಪನ್ಮೂಲ ಇಲಾಖೆಯದು. ಕರೆಂಟ್ ತೆಗೆಯಬೇಕಾದದ್ದು ಮಹಾವಿತರಣ ಕಂಪನಿ. ಮನೆ ಮನೆಗೆ ಎಚ್ಚರಿಕೆ ಕೊಡಬೇಕಾದದ್ದು ಪಾಲಿಕೆಯ ವಾರ್ಡ್ ಕಚೇರಿ. ದೋಣಿ, ಹಗ್ಗ, ಲೈಫ್ ಜಾಕೆಟ್ ಇರುವುದು ಅಗ್ನಿಶಾಮಕ ದಳದಲ್ಲಿ. ಸೇನೆಯನ್ನು ಕರೆಯುವ ಅಧಿಕಾರ ಜಿಲ್ಲಾಡಳಿತದ್ದು. ಈ ಐದು ಕಚೇರಿಗಳ ನಡುವೆ ಒಂದು ಫೋನ್ ಕರೆ ಅರ್ಧ ಗಂಟೆ ತಡವಾದರೆ ಏನಾಗುತ್ತದೆಂಬುದು ಪುಣೆಗೆ ಚೆನ್ನಾಗಿ ಗೊತ್ತು.

ಇಂದು ನಿನ್ನೆ ಗೊತ್ತಾದದ್ದೂ ಅಲ್ಲ. 1961ರ ಜುಲೈ 12ರಂದು, ಇನ್ನೂ ಪೂರ್ತಿ ಕಟ್ಟಿ ಮುಗಿಯದ ಪಾನ್‌ಶೇತ್ ಅಣೆಕಟ್ಟೆ ಒಡೆಯಿತು. ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಕಟ್ಟೆಯೂ ಬಿರಿದು ಹಳೇ ಪುಣೆಯ ನದೀತೀರದ ಪೇಠ್‌ಗಳು ಮುಳುಗಿದವು. ಒಡೆಯುವ ಮುಂಚೆ ಸೈನಿಕರು ಮರಳಿನ ಚೀಲ ಒಟ್ಟಿ ಕಟ್ಟೆಯನ್ನು ಕೆಲವು ಗಂಟೆ ಹಿಡಿದು ನಿಲ್ಲಿಸಿದ್ದರಿಂದ ನೆರೆ ರಾತ್ರಿಯ ಬದಲು ಹಗಲಿಗೆ ಬಂತು, ಸಾವಿರಾರು ಜೀವ ಉಳಿಯಿತು ಎಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ವಿಪತ್ತು ನಿರ್ವಹಣೆ ಎಂಬ ಇಲಾಖೆಯೇ ಇಲ್ಲದ ಕಾಲವದು. ಈಗ ಇಲಾಖೆಯಿದೆ, ಕಾಯ್ದೆಯಿದೆ, ಸಹಾಯವಾಣಿ ಸಂಖ್ಯೆಗಳಿವೆ. ಅವನ್ನು ಹೊತ್ತಿಗೆ ಸರಿಯಾಗಿ ನಡೆಸುವ ಜನ ಸಾಲದು. ಕೆಲಸ ಹುಡುಕುತ್ತಿರುವ ಯುವಕ ಯುವತಿಯರಿಗೆ ಈ ಕ್ಷೇತ್ರ ತೆರೆದಿರುವುದು ಅದಕ್ಕಾಗಿಯೇ.

ದಳ ಯಾರದ್ದು?

ಕರ್ನಾಟಕದಿಂದ ಬಂದವರು ಮೊದಲು ತಿಳಿಯಬೇಕಾದ ವ್ಯತ್ಯಾಸವೊಂದಿದೆ. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆ ರಾಜ್ಯ ಸರ್ಕಾರದ ಒಂದೇ ಇಲಾಖೆ. ಬೀದರ್‌ನ ಠಾಣೆಗೂ ಮಂಗಳೂರಿನ ಠಾಣೆಗೂ ಒಬ್ಬರೇ ಮುಖ್ಯಸ್ಥರು, ಆ ಕುರ್ಚಿಯಲ್ಲಿ ಕೂರುವವರು ಐಪಿಎಸ್ ಅಧಿಕಾರಿ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಅಲ್ಲಿ ದಳ ಆಯಾ ನಗರಸಂಸ್ಥೆಯದು. ಪುಣೆ ಮಹಾನಗರಪಾಲಿಕೆಗೆ ಒಂದು ದಳ, ಪಿಂಪ್ರಿ-ಚಿಂಚವಡಕ್ಕೆ ಇನ್ನೊಂದು, ಕಂಟೋನ್ಮೆಂಟ್ ಬೋರ್ಡಿಗೆ ಮತ್ತೊಂದು. ನಗರದಂಚಿನ ಹಳ್ಳಿಗಳಿಗೆ ಪಿಎಂಆರ್‌ಡಿಎ ಎಂಬ ಅಭಿವೃದ್ಧಿ ಪ್ರಾಧಿಕಾರದ ದಳ. ಕೈಗಾರಿಕಾ ವಸಾಹತುಗಳಿಗೆ ಎಂಐಡಿಸಿಯ ದಳ. ಮುಂಬೈನಲ್ಲಿರುವ ರಾಜ್ಯ ಅಗ್ನಿಶಾಮಕ ಸೇವಾ ನಿರ್ದೇಶನಾಲಯ ನಿಯಮ, ತರಬೇತಿ, ಪರವಾನಗಿ ನೋಡಿಕೊಳ್ಳುತ್ತದೆಯೇ ಹೊರತು ಪುಣೆಯ ಗಾಡಿಗಳನ್ನು ಓಡಿಸುವುದಿಲ್ಲ.

ಇದರಿಂದ ತೊಂದರೆಯೂ ಉಂಟು, ಅನುಕೂಲವೂ ಉಂಟು. ಗಡಿರೇಖೆಯ ಆಚೀಚೆ ಬೆಂಕಿ ಬಿದ್ದಾಗ ಬೇರೆ ಬೇರೆ ಧಣಿಗಳ ಗಾಡಿಗಳು ಒಂದೆಡೆ ಸೇರುತ್ತವೆ. ಯಾರ ಮಾತು ನಡೆಯಬೇಕೆಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡಿರದಿದ್ದರೆ ರಸ್ತೆಯಲ್ಲೇ ಗೊಂದಲ. ಅನುಕೂಲವೆಂದರೆ, ಪಾಲಿಕೆಯ ಮುಖ್ಯ ಅಗ್ನಿಶಾಮಕ ಅಧಿಕಾರಿಯ ಹುದ್ದೆ ಪೊಲೀಸ್ ಸೇವೆಯವರಿಗೆ ಮೀಸಲಲ್ಲ. ಹೋಸ್ ಪೈಪ್ ಹಿಡಿದು ಕೆಲಸ ಕಲಿತವರೇ ಮೆಟ್ಟಿಲು ಮೆಟ್ಟಿಲಾಗಿ ಆ ಕುರ್ಚಿ ಮುಟ್ಟಬಹುದು. ವೃತ್ತಿಯ ತುದಿ ಎಲ್ಲಿದೆ ಎಂದು ನೋಡಿ ದಾರಿ ಆರಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಸಂವಿಧಾನದ ಹನ್ನೆರಡನೇ ಪರಿಚ್ಛೇದವೇ ಅಗ್ನಿಶಾಮಕ ಸೇವೆಯನ್ನು ನಗರಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ರಚಿಸಿತು. 2025ರ ತಿದ್ದುಪಡಿ ಇದಕ್ಕೆ ಹೊಸ ಅಂಗವೊಂದನ್ನು ಸೇರಿಸಿದೆ: ಮಹಾನಗರಪಾಲಿಕೆಯಿರುವ ದೊಡ್ಡ ನಗರಗಳಿಗೆ ರಾಜ್ಯ ಸರ್ಕಾರ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು, ಪಾಲಿಕೆ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಇದುವರೆಗೆ ಪಾಲಿಕೆಯ ಒಂದು ಮೂಲೆಯ ಕೋಣೆಯಲ್ಲಿದ್ದ ವಿಪತ್ತು ವಿಭಾಗಕ್ಕೆ ಇನ್ನು ಯೋಜನೆ ಬರೆಯುವವರು, ನಕ್ಷೆ ಮಾಡುವವರು, ತರಬೇತಿ ಕೊಡುವವರು ಬೇಕಾಗುತ್ತಾರೆ. ಅವರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಒಳಗೆ ಹೋಗುವ ಬಾಗಿಲುಗಳು

ಅತಿ ಹೆಚ್ಚು ಜನ ಹೋಗುವುದು ಫೈರ್‌ಮನ್ ಬಾಗಿಲಿನಿಂದ. ಹತ್ತನೇ ತರಗತಿ ಪಾಸಾಗಿರಬೇಕು. ಮುಂಬೈನ ಸಾಂತಾಕ್ರೂಜ್ ಪೂರ್ವದಲ್ಲಿರುವ ರಾಜ್ಯ ಅಗ್ನಿಶಾಮಕ ಅಕಾಡೆಮಿ ನಡೆಸುವ ಆರು ತಿಂಗಳ ಫೈರ್‌ಮನ್ ಕೋರ್ಸ್ ಮುಗಿಸಿರಬೇಕು. ಗಂಡಸರಿಗೆ ಎತ್ತರ ಸಾಮಾನ್ಯವಾಗಿ 165 ಸೆಂಟಿಮೀಟರ್. ಎದೆಸುತ್ತು, ತೂಕ, ದೃಷ್ಟಿಯ ಅಳತೆಗಳು ಬೇರೆ. ಮರಾಠಿ ಓದಲು ಬರೆಯಲು ಬರಲೇಬೇಕು. ಪಾಲಿಕೆಯ ಫೈರ್‌ಮನ್ ಹುದ್ದೆಗೆ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಮೂಲ ವೇತನ 19,900 ರೂಪಾಯಿಯಿಂದ ಶುರು. ಭತ್ಯೆಗಳು ಅದರ ಮೇಲೆ. ಅಂಕಿಗಳು ಪ್ರಕಟಣೆಯಿಂದ ಪ್ರಕಟಣೆಗೆ ಕೊಂಚ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಕೈಯಲ್ಲಿರುವ ಪ್ರಕಟಣೆಯನ್ನೇ ನಂಬಬೇಕು. ಮಹಾರಾಷ್ಟ್ರದ ಸರ್ಕಾರಿ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ. 30 ಮೀಸಲಿದೆ ಎಂಬುದನ್ನು ಮನೆಯ ಹೆಣ್ಣುಮಕ್ಕಳಿಗೂ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ‘ಫೈರ್ ಅಂಡ್ ಸೇಫ್ಟಿ’ ಎಂದು ಬಸ್ ನಿಲ್ದಾಣದ ಗೋಡೆಗಳ ಮೇಲೆ ಪೋಸ್ಟರ್ ಹಚ್ಚುವ ಖಾಸಗಿ ಸಂಸ್ಥೆಗಳಿಗೆ ಲೆಕ್ಕವಿಲ್ಲ. ಅವುಗಳ ಪ್ರಮಾಣಪತ್ರ ಮಾಲ್ ಒಂದರ ಕಾವಲು ಕೆಲಸಕ್ಕೆ ಸಾಕಾದೀತು, ಪಾಲಿಕೆಯ ಮೇಜಿನ ಮೇಲೆ ಅದಕ್ಕೆ ಬೆಲೆ ಸಿಗದೇ ಹೋಗಬಹುದು. ಶುಲ್ಕ ಕಟ್ಟುವ ಮುಂಚೆ ಹಿಂದಿನ ನೇಮಕಾತಿ ಪ್ರಕಟಣೆಯೊಂದನ್ನು ತೆಗೆದು, ಅದರಲ್ಲಿ ಬರೆದಿರುವ ಕೋರ್ಸಿನ ಹೆಸರೂ ಸಂಸ್ಥೆಯ ಹೆಸರೂ ಅಕ್ಷರಶಃ ಹೊಂದುತ್ತವೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಲು ಹೋಗಿ ಒಂದು ವರ್ಷವನ್ನೂ ಅಪ್ಪನ ಸಾಲವನ್ನೂ ಕಳೆದುಕೊಂಡವರು ಪ್ರತಿ ಊರಿನಲ್ಲಿ ಸಿಗುತ್ತಾರೆ.

ಎರಡನೆಯ ಬಾಗಿಲು ಅಧಿಕಾರಿಯಾಗಿಯೇ ಸೇರುವವರದು. ಇದರ ಬೀಗದ ಕೈ ನಾಗಪುರದಲ್ಲಿದೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಹುಟ್ಟಿ, ಮರುವರ್ಷ ನಾಗಪುರಕ್ಕೆ ಬಂತು. ಸಬ್ ಆಫೀಸರ್, ಸ್ಟೇಷನ್ ಆಫೀಸರ್, ಡಿವಿಜನಲ್ ಆಫೀಸರ್ ದರ್ಜೆಗೆ ತಕ್ಕ ಕೋರ್ಸುಗಳೂ, ನಾಲ್ಕು ವರ್ಷದ ಫೈರ್ ಎಂಜಿನಿಯರಿಂಗ್ ಪದವಿಯೂ ಅಲ್ಲಿವೆ. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಸೇರುವವರೆಗೆ ಆ ಕಾಲೇಜಿನಲ್ಲಿ ಒಬ್ಬ ಹೆಣ್ಣುಮಗಳೂ ಓದಿರಲಿಲ್ಲ. ಮುಂದೆ ಓಎನ್‌ಜಿಸಿಯಲ್ಲಿ ಅಗ್ನಿಶಾಮಕ ಅಧಿಕಾರಿಯಾದ ಅವರನ್ನು ದೇಶದ ಮೊದಲ ಮಹಿಳಾ ಅಗ್ನಿಶಾಮಕ ಯೋಧೆ ಎಂದು ಗುರುತಿಸುತ್ತಾರೆ. ಕರ್ನಾಟಕದ ಇಲಾಖೆಗೆ ಸೇರುವವರಿಗೆ ಬೆಂಗಳೂರಿನಲ್ಲೇ ಆರ್.ಎ. ಮುಂಡ್ಕೂರ್ ಹೆಸರಿನ ತರಬೇತಿ ಅಕಾಡೆಮಿಯಿದೆ.

ಪುಣೆಯ ದಳದ ಏಣಿ ಹೀಗೆ: ಫೈರ್‌ಮನ್, ಅವನ ಮೇಲೆ ತಾಂಡೇಲ್, ನಂತರ ಸಬ್ ಆಫೀಸರ್, ಸ್ಟೇಷನ್ ಆಫೀಸರ್, ಸಹಾಯಕ ವಿಭಾಗೀಯ ಅಧಿಕಾರಿ, ವಿಭಾಗೀಯ ಅಧಿಕಾರಿ, ಉಪ ಮುಖ್ಯ ಅಧಿಕಾರಿ, ತುದಿಯಲ್ಲಿ ಮುಖ್ಯ ಅಗ್ನಿಶಾಮಕ ಅಧಿಕಾರಿ. ಕೆಳಗಿನಿಂದ ಹತ್ತುವವರಿಗೆ ಸಬ್ ಆಫೀಸರ್ ಮೆಟ್ಟಿಲೇ ದೊಡ್ಡ ಅಡ್ಡಗೋಡೆ. ಅನುಭವವೊಂದರಿಂದ ಅದನ್ನು ದಾಟಲಾಗದು, ಮಾನ್ಯ ಕೋರ್ಸ್ ಬೇಕು. ಇಪ್ಪತ್ತೆರಡನೇ ವಯಸ್ಸಿಗೆ ಫೈರ್‌ಮನ್ ಆದವರು ಮೂವತ್ತರೊಳಗೆ ಆ ಓದು ಮುಗಿಸಿಕೊಂಡರೆ ಮುಂದಿನ ಬಡ್ತಿಗಳಿಗೆ ವಯಸ್ಸು ಉಳಿಯುತ್ತದೆ. ಮದುವೆ, ಮನೆ, ಸಾಲ ಎಂದು ಮುಂದೂಡಿದವರು ತಾಂಡೇಲ್ ಆಗಿಯೇ ನಿವೃತ್ತರಾಗುವ ಸಂಭವ ಹೆಚ್ಚು. ಅದೂ ಮರ್ಯಾದೆಯ ಕೆಲಸವೇ. ಹೊಗೆ ತುಂಬಿದ ಗೋದಾಮಿನಲ್ಲಿ ಹೊಸ ಹುಡುಗರು ನಂಬುವುದು ತಾಂಡೇಲನ ಕೈಯನ್ನು. ಆದರೆ ಮುಂದಾಳತ್ವದ ಕನಸಿರುವವರು ಈ ಲೆಕ್ಕವನ್ನು ಮೊದಲ ಸಂಬಳದ ದಿನವೇ ಹಾಕಬೇಕು.

ಸಮವಸ್ತ್ರದ ಇನ್ನೊಂದು ದಾರಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್. ಅದರ 5ನೇ ಬೆಟಾಲಿಯನ್ ಇರುವುದು ಪುಣೆಯ ಹೊರವಲಯದಲ್ಲಿ, ತಳೇಗಾಂವ್ ಹತ್ತಿರದ ಸುದುಂಬರೆಯಲ್ಲಿ. ನೇರ ನೇಮಕಾತಿ ಇಲ್ಲ. ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಿಂದ ನಿಯೋಜನೆಯ ಮೇಲೆ ಬರಬೇಕು. ಸಮವಸ್ತ್ರ ಬೇಡವೆನ್ನುವವರಿಗೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ಅಧಿಕಾರಿಯ ಹುದ್ದೆ ಉಂಟು, ಬಹುಪಾಲು ಗುತ್ತಿಗೆಯದು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಕೆಲಸ ಬಿಡಲಾಗದವರಿಗೆ ಇಗ್ನೋ ಅಂಚೆ ಶಿಕ್ಷಣದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ಪುಣೆಯ ಬಾಣೇರ್ ರಸ್ತೆಯ ‘ಯಶದಾ’ ಆಡಳಿತ ತರಬೇತಿ ಸಂಸ್ಥೆಯಲ್ಲಿ ಸರ್ಕಾರಿ ನೌಕರರಿಗೆ ವಿಪತ್ತು ನಿರ್ವಹಣೆಯ ತರಬೇತಿ ನಡೆಯುತ್ತದೆ.

ಸಂಬಳದ ದೃಷ್ಟಿಯಿಂದ ಅನೇಕರನ್ನು ಸೆಳೆಯುವುದು ಕಾರ್ಖಾನೆಗಳು. ಚಾಕಣ, ರಾಂಜಣಗಾಂವ್, ತಳೇಗಾಂವ್‌ಗಳ ಕೈಗಾರಿಕಾ ಪ್ರದೇಶಗಳಲ್ಲಿ ಸುರಕ್ಷತಾ ಅಧಿಕಾರಿ ಎಂಬುದು ಖಾಯಂ ಹುದ್ದೆ. ಸಾವಿರ ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಅಂಥ ಅಧಿಕಾರಿಯನ್ನು ಇಟ್ಟುಕೊಳ್ಳಬೇಕೆಂದು ಕಾರ್ಖಾನೆ ಕಾಯ್ದೆ ದಶಕಗಳ ಹಿಂದೆಯೇ ಹೇಳಿತ್ತು. ಮಹಾರಾಷ್ಟ್ರ ತಾಂತ್ರಿಕ ಶಿಕ್ಷಣ ಮಂಡಳಿಯ ಒಂದು ವರ್ಷದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾ ಇದಕ್ಕೆ ಮುಖ್ಯ ಅರ್ಹತೆ. ಡಿಪ್ಲೊಮಾ ಎಂಜಿನಿಯರುಗಳಿಗೆ ಇದು ನೇರ ದಾರಿ.

ಬೆಂಕಿಯೇ ಇಲ್ಲದ ಕರೆಗಳು

ಕೆಲಸದ ದಿನಚರಿ ಸಿನಿಮಾದಲ್ಲಿ ಕಂಡಂತೆ ಇರುವುದಿಲ್ಲ. 101ಕ್ಕೆ ಬರುವ ಕರೆಗೆ ಪುಣೆಯ ದಳದಲ್ಲಿ ‘ವರ್ದಿ’ ಎನ್ನುತ್ತಾರೆ. ಮಳೆಗಾಲದಲ್ಲಿ ವರ್ದಿಗಳ ದೊಡ್ಡ ಪಾಲು ಉರುಳಿಬಿದ್ದ ಮರಗಳದು. ಸಂಕ್ರಾಂತಿಯ ಆಸುಪಾಸು ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿದ ಹದ್ದು, ಪಾರಿವಾಳಗಳು. ವರ್ಷವಿಡೀ ಒಳಗಿನಿಂದ ಚಿಲಕ ಹಾಕಿಕೊಂಡ ಪುಟ್ಟ ಮಕ್ಕಳು, ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ಹೆದ್ದಾರಿಯ ನವಲೆ ಸೇತುವೆ ಬಳಿಯ ಅಪಘಾತಗಳು. ಗಣೇಶ ವಿಸರ್ಜನೆಯ ದಿನ ಇಡೀ ಊರು ಲಕ್ಷ್ಮೀ ರಸ್ತೆಯಲ್ಲಿ ಢೋಲ್ ಕೇಳುತ್ತಿರುವಾಗ ದಳದವರು ನದಿಯ ಘಾಟ್‌ಗಳಲ್ಲಿ ಹಗ್ಗ, ಲೈಫ್ ರಿಂಗ್ ಹಿಡಿದು ನಿಂತಿರುತ್ತಾರೆ. ಹಬ್ಬಕ್ಕೆ ಮನೆಯಲ್ಲಿರಬೇಕು ಎನ್ನುವವರು ಇತ್ತ ತಲೆ ಹಾಕದಿರುವುದೇ ಒಳ್ಳೆಯದು.

ಹಾಗೆಂದು ಬೆಂಕಿ ಕಡಿಮೆಯೂ ಅಲ್ಲ. 2021ರ ಜನವರಿ 21ರಂದು ಮಾಂಜರಿಯ ಸೀರಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ, ಕೆಲಸ ನಡೆಯುತ್ತಿದ್ದ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಇಡೀ ಜಗತ್ತು ಕೋವಿಡ್ ಲಸಿಕೆಗಾಗಿ ಆ ಕಂಪನಿಯತ್ತ ನೋಡುತ್ತಿದ್ದ ತಿಂಗಳದು. ಮೊದಲಿಗೆ ಪ್ರಾಣಹಾನಿ ಇಲ್ಲ ಎಂಬ ಸುದ್ದಿ ಹರಡಿತು. ಬೆಂಕಿ ಹತೋಟಿಗೆ ಬಂದು ಒಳಗೆ ಹುಡುಕಿದಾಗ ಐವರು ಕಾರ್ಮಿಕರ ಶವ ಸಿಕ್ಕಿತು. ಇದನ್ನೊಂದು ಪಾಠವಾಗಿ ಓದಬೇಕು. ಸ್ಥಳಕ್ಕೆ ಬಂದ ಅಧಿಕಾರಿಯ ಮೊದಲ ಪ್ರಶ್ನೆ ನೀರು ಎಲ್ಲಿದೆ ಎಂಬುದಲ್ಲ, ಒಳಗೆ ಎಷ್ಟು ಜನ ಇದ್ದರು, ಎಷ್ಟು ಜನ ಹೊರಗಿದ್ದಾರೆ, ಈ ಲೆಕ್ಕ ಯಾರ ಬಳಿ ಇದೆ ಎಂಬುದು. ದಿನಗೂಲಿಯವರು, ಉಪಗುತ್ತಿಗೆಯವರು ಹಾಜರಿ ಪುಸ್ತಕದಲ್ಲೇ ಇರದ ಕಟ್ಟಡಗಳಲ್ಲಿ ಆ ಲೆಕ್ಕ ಸಿಗುವುದೇ ಕಷ್ಟ.

ಅದೇ ವರ್ಷ ಜೂನ್ 7ರಂದು ಮುಳಶಿ ತಾಲ್ಲೂಕಿನ ಉರವಡೆಯ ರಾಸಾಯನಿಕ ಘಟಕವೊಂದರಲ್ಲಿ 17 ಮಂದಿ ಸುಟ್ಟುಹೋದರು. ಹೆಚ್ಚಿನವರು ಅಕ್ಕಪಕ್ಕದ ಹಳ್ಳಿಗಳಿಂದ ಪ್ಯಾಕಿಂಗ್ ಕೆಲಸಕ್ಕೆ ಬರುತ್ತಿದ್ದ ಹೆಂಗಸರು. ಒಳಗೆ ಹೋಗಲು ದಾರಿಯಿಲ್ಲದೆ ಜೆಸಿಬಿಯಿಂದ ಗೋಡೆ ಒಡೆಯಬೇಕಾಯಿತು. 2025ರ ಮೇ 18ರಂದು ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ಎಂಟು ಜನ ಸತ್ತರು. ಕಾರ್ಖಾನೆ ಬೇರೆ, ಊರು ಬೇರೆ. ಒಳಗಿದ್ದವರಿಗೆ ಹೊರಬರಲು ಆಗಲಿಲ್ಲ ಎಂಬುದು ಮಾತ್ರ ಒಂದೇ. ಕನ್ನಡಿಗರಿಗೆ ಇನ್ನೂ ಮರೆಯದ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲೂ, 2010ರ ಫೆಬ್ರುವರಿ 23ರಂದು, ಒಂಬತ್ತು ಜನರನ್ನು ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ, ಮತ್ತು ಹೊಗೆಗೆ ಹೆದರಿ ಕಿಟಕಿಯಿಂದ ಜಿಗಿದದ್ದು.

ಅದಕ್ಕೇ ಒಳ್ಳೆಯ ಅಗ್ನಿಶಾಮಕ ಅಧಿಕಾರಿಯ ದಿನದ ಬಹುಪಾಲು ಕಡತಗಳಲ್ಲಿ, ತಪಾಸಣೆಗಳಲ್ಲಿ ಕಳೆಯುತ್ತದೆ. ಯುವಕರಿಗೆ ಇದು ನೀರಸವೆನ್ನಿಸಬಹುದು. ಆದರೆ ಜೀವ ಉಳಿಯುವುದು ಹೆಚ್ಚಾಗಿ ಇಲ್ಲಿಯೇ. ಮಹಾರಾಷ್ಟ್ರದ 2006ರ ಅಗ್ನಿ ಪ್ರತಿಬಂಧಕ ಮತ್ತು ಜೀವ ಸುರಕ್ಷಾ ಕಾಯ್ದೆಯ ಪ್ರಕಾರ ಕಟ್ಟಡದ ಮಾಲೀಕರು ಅಥವಾ ಬಳಸುವವರು ಪರವಾನಗಿ ಪಡೆದ ಏಜೆನ್ಸಿಯಿಂದ ಉಪಕರಣಗಳನ್ನು ಪರೀಕ್ಷೆ ಮಾಡಿಸಿ, ಜನವರಿ ಮತ್ತು ಜುಲೈನಲ್ಲಿ, ವರ್ಷಕ್ಕೆ ಎರಡು ಸಲ ‘ಬಿ’ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕು. ಪುಣೆಯಲ್ಲಿ ತಲೆಮಾರುಗಳಿಂದ ಹೋಟೆಲ್ ನಡೆಸುವ ಉಡುಪಿ, ಮಂಗಳೂರು ಕಡೆಯ ಕುಟುಂಬಗಳಿಗೆ ಈ ಕಾಗದ ಚಿರಪರಿಚಿತ. ಅದನ್ನು ಏಜೆಂಟನ ಕೈಗೆ ಕೊಟ್ಟು ಕೈತೊಳೆದುಕೊಳ್ಳುವ ಮಾಲೀಕರೂ ಇದ್ದಾರೆ. ಅಡುಗೆಮನೆಯ ಚಿಮಣಿ ಕೊಳವೆಯಲ್ಲಿ ಜಿಡ್ಡು ಎಷ್ಟು ಕಟ್ಟಿದೆ, ಸಿಲಿಂಡರುಗಳು ಎಲ್ಲಿವೆ, ಹಿಂಬಾಗಿಲಿಗೆ ಅಕ್ಕಿ ಮೂಟೆ ಅಡ್ಡ ಇಟ್ಟಿದ್ದಾರೆಯೇ ಎಂದು ತಾವೇ ನೋಡುವವರೂ ಇದ್ದಾರೆ. ಎರಡು ಬಗೆಯ ಕಡತಗಳೂ ಅಧಿಕಾರಿಯ ಮೇಜಿನ ಮೇಲೆ ಒಂದೇ ತೆರನಾಗಿ ಕಾಣುತ್ತವೆ. ಕುರ್ಚಿ ಬಿಟ್ಟು ಎದ್ದು ಹೋಗಿ ಅಡುಗೆಮನೆ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುವುದು. ನಿರಾಕ್ಷೇಪಣಾ ಪತ್ರದ ಸುತ್ತ ಕಾಸಿನ ಆಮಿಷವೂ ಇರುತ್ತದೆ ಎಂಬುದನ್ನು ಮುಚ್ಚಿಟ್ಟು ಈ ವೃತ್ತಿಯ ಬಗ್ಗೆ ಬರೆಯುವುದು ಸರಿಯಲ್ಲ. ಬೆಂಕಿಯ ಮುಂದೆ ಧೈರ್ಯ ತೋರಿದ ಅಧಿಕಾರಿಗೂ ಬಿಲ್ಡರ್ ಮುಂದೆ ಧೈರ್ಯ ಬೇಕಾಗುತ್ತದೆ.

ಸಂಪನ್ಮೂಲದ ಕೊರತೆ ಇನ್ನೊಂದು ಕಥೆ. ನಗರದಲ್ಲಿ ಪ್ರತಿ 10 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕೆಂಬುದು ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಸೂತ್ರ. 2017 ಮತ್ತು 2021ರಲ್ಲಿ ಹಳ್ಳಿಗಳು ಸೇರಿ ಪುಣೆ ಪಾಲಿಕೆಯ ವಿಸ್ತೀರ್ಣ 500 ಚದರ ಕಿಲೋಮೀಟರಿನ ಆಸುಪಾಸಿಗೆ ಬೆಳೆದಿದೆ. ಸೂತ್ರದಂತೆ ಐವತ್ತು ಠಾಣೆ ಬೇಕು. ಇರುವುದು ಅದರ ಅರ್ಧಕ್ಕೂ ಕಡಿಮೆ. ಖಾಲಿ ಹುದ್ದೆಗಳ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತದೆ. ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಶುರು ಮಾಡಿದೆ. ಗಾಡಿ ಕೊಳ್ಳುವುದು ಸುಲಭ. ಅದನ್ನು ಹತ್ತಿ ಹೋಗುವ ತರಬೇತಾದ ಆರು ಜನರನ್ನು ತಯಾರು ಮಾಡಲು ವರ್ಷಗಳು ಬೇಕು.

ನಡೆಸುವವರ ತಲೆಯೊಳಗೆ

ನೂರು ಜನ ದುಡಿಯುವ ಸ್ಥಳದಲ್ಲಿ ಒಬ್ಬರೇ ಎಲ್ಲರಿಗೂ ಆದೇಶ ಕೊಡಲಾಗದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ. ಸ್ಥಳದ ಮುಖ್ಯಸ್ಥ ಒಬ್ಬರೇ. ಅವರ ಕೈಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಎಂದು ಮೂರು ವಿಭಾಗ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ. ಕಾಗದದ ಮೇಲೆ ಇದು ಸರಳ. ರಾತ್ರಿ ಎರಡು ಗಂಟೆಗೆ, ನಗರಸೇವಕರು, ಪತ್ರಕರ್ತರು, ಮೊಬೈಲ್ ಎತ್ತಿ ವಿಡಿಯೊ ಮಾಡುವ ಜನ ಸುತ್ತ ನೆರೆದಿರುವಾಗ ಅದನ್ನು ಪಾಲಿಸುವುದೇ ಪರೀಕ್ಷೆ.

ಸುದ್ದಿ ಎಲ್ಲಿಂದ ಬರುತ್ತದೆಂದು ಹೇಳಲಾಗದು. 2014ರ ಜುಲೈ 30ರಂದು ಆಂಬೇಗಾಂವ್ ತಾಲ್ಲೂಕಿನ ಮಾಳೀಣ ಹಳ್ಳಿ ಗುಡ್ಡ ಕುಸಿದು ಮಣ್ಣಿನಡಿ ಸೇರಿತು. 150ಕ್ಕೂ ಹೆಚ್ಚು ಜನ ಸತ್ತರು. ಹಳ್ಳಿ ಇದ್ದ ಜಾಗದಲ್ಲಿ ಹಳ್ಳಿ ಇಲ್ಲವೆಂದು ಮೊದಲು ಹೊರಗೆ ತಿಳಿಸಿದ್ದು ಆ ದಾರಿಯ ಎಸ್‌ಟಿ ಬಸ್ಸಿನ ಚಾಲಕ. 2010ರ ಫೆಬ್ರುವರಿ 13ರಂದು ಕೋರೆಗಾಂವ್ ಪಾರ್ಕ್‌ನ ಜರ್ಮನ್ ಬೇಕರಿಯಲ್ಲಿ ಸ್ಫೋಟವಾದಾಗ ಮೊದಮೊದಲು ಸಿಲಿಂಡರ್ ಸಿಡಿದಿದೆ ಎಂದೇ ಭಾವಿಸಲಾಗಿತ್ತು. ಅದು ಬಾಂಬ್ ಎಂದು ಆಮೇಲೆ ತಿಳಿಯಿತು. 17 ಜನ ಸತ್ತರು. ಗಾಯಾಳುಗಳನ್ನು ಎತ್ತಬೇಕು, ಸಾಕ್ಷ್ಯವನ್ನು ತುಳಿಯಬಾರದು. ಈ ಎರಡು ಕೆಲಸ ಒಂದೇ ಕೋಣೆಯೊಳಗೆ, ಒಂದೇ ಗಂಟೆಯಲ್ಲಿ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿವ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಗೋಡೆಗಳನ್ನೂ ಮನೆಗಳನ್ನೂ ಕೊಚ್ಚಿತು. ಬೇಸಿಗೆಯಲ್ಲಿ ಚರಂಡಿಯಂತೆ ಕಾಣುವ ನೀರು ಅದು. ಆ ಹಳ್ಳದ ಅಗಲ ಎಲ್ಲೆಲ್ಲಿ ಕಿರಿದಾಗಿದೆ ಎಂಬ ನಕ್ಷೆ ಮಳೆಗಾಲಕ್ಕೆ ಮುಂಚೆ ಯಾರ ಕೈಯಲ್ಲಿದೆ ಎಂಬುದೇ ವಿಪತ್ತು ನಿರ್ವಹಣೆಯ ಮುಖ್ಯ ಪ್ರಶ್ನೆ.

ಕನ್ನಡ ಬಲ್ಲವರಿಗೆ

ಪುಣೆ ಬರೀ ನಗರವಲ್ಲ, ಕಂದಾಯ ವಿಭಾಗದ ಕೇಂದ್ರವೂ ಹೌದು. ಸಾತಾರಾ, ಸಾಂಗ್ಲಿ, ಕೊಲ್ಹಾಪುರ, ಸೋಲಾಪುರ ಜಿಲ್ಲೆಗಳ ನೆರೆ, ಬರದ ಮೇಲ್ವಿಚಾರಣೆ ನಡೆಯುವುದು ಇಲ್ಲಿನ ವಿಭಾಗೀಯ ಆಯುಕ್ತರ ಕಚೇರಿಯಿಂದ. ಈ ಜಿಲ್ಲೆಗಳ ಪೈಕಿ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳ ಊರೂರುಗಳಲ್ಲಿ ಮನೆಮಾತು ಕನ್ನಡ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಪಂಚಗಂಗಾ ನದಿಗಳು ಉಕ್ಕಿದಾಗ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನ ತುಂಬಿದ ದೋಣಿ ಮಗುಚಿ ಹಲವರು ಸತ್ತರು. ಅದೇ ನೀರು ಕೆಳಗೆ ಹರಿದು ಚಿಕ್ಕೋಡಿ, ಅಥಣಿಯ ಹಳ್ಳಿಗಳನ್ನು ಮುಳುಗಿಸಿತು. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ದಾಟಿತು, ಆಲಮಟ್ಟಿಯಿಂದ ಎಷ್ಟು ಹೊರಹೋಗುತ್ತಿದೆ ಎಂಬ ಅಂಕಿಗಳು ಮಳೆಗಾಲದುದ್ದಕ್ಕೂ ಎರಡು ರಾಜ್ಯಗಳ ನಡುವೆ ಓಡಾಡುತ್ತವೆ. ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆದರೂ, ದಡದ ಹಳ್ಳಿಯ ಅಜ್ಜಿಯನ್ನು ಮನೆ ಬಿಟ್ಟು ಹೊರಡಲು ಒಪ್ಪಿಸುವುದು ಅವಳ ಭಾಷೆಯಲ್ಲೇ. ಮರಾಠಿ, ಕನ್ನಡ ಎರಡೂ ಸಲೀಸಾಗಿ ಬರುವ ಅಧಿಕಾರಿ ಈ ವಿಭಾಗದಲ್ಲಿ ನಿಜಕ್ಕೂ ಬೆಲೆಯುಳ್ಳವರು. ಜತ್ತದ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಇದನ್ನು ಕೊರತೆಯೆಂದು ತಿಳಿದಿರುವುದೇ ಹೆಚ್ಚು. ಅವರಿಗೆ ಬೇಕಿರುವುದು ನೇಮಕಾತಿ ಪರೀಕ್ಷೆಗೆ ಸಾಕಾಗುವಷ್ಟು ಗಟ್ಟಿ ಮರಾಠಿ. ಮಹಾರಾಷ್ಟ್ರದ ನಿವಾಸಿ ಪ್ರಮಾಣಪತ್ರ ಹೇಗೂ ಅವರ ಬಳಿ ಇರುತ್ತದೆ. ಕರ್ನಾಟಕದಿಂದ ಓದಲು ಅಥವಾ ದುಡಿಯಲು ಪುಣೆಗೆ ಬಂದವರಿಗಾದರೆ ಆ ಪ್ರಮಾಣಪತ್ರವೇ ಮೊದಲ ಅಡ್ಡಿ. ಅಂಥವರಿಗೆ ಕಾರ್ಖಾನೆಯ ಸುರಕ್ಷತಾ ವಿಭಾಗ, ಕೇಂದ್ರ ಪಡೆಗಳು, ಇಲ್ಲವೇ ತಮ್ಮದೇ ರಾಜ್ಯದ ಇಲಾಖೆ ಹೆಚ್ಚು ಸುಲಭ.

ಇನ್ನೂ ತೀರ್ಮಾನಿಸದವರು ಸ್ವಯಂಸೇವೆಯಿಂದ ಶುರು ಮಾಡಬಹುದು. ಕೇಂದ್ರದ ‘ಆಪದಾ ಮಿತ್ರ’ ಯೋಜನೆ 2016ರಲ್ಲಿ 30 ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ 350 ಜಿಲ್ಲೆಗಳಿಗೆ ವಿಸ್ತರಿಸಿತು. ಹನ್ನೆರಡು ದಿನದ ತರಬೇತಿ, ಪ್ರಥಮ ಚಿಕಿತ್ಸೆ, ಹಗ್ಗದ ಗಂಟು, ನೆರೆಯಲ್ಲಿ ರಕ್ಷಣೆ. ಎತ್ತರದಲ್ಲಿ ತಲೆ ತಿರುಗುತ್ತದೆಯೇ, ಇಕ್ಕಟ್ಟಿನಲ್ಲಿ ಉಸಿರು ಕಟ್ಟುತ್ತದೆಯೇ, ರಕ್ತ ಕಂಡರೆ ಕೈ ನಡುಗುತ್ತದೆಯೇ ಎಂಬುದೆಲ್ಲ ಇಂಥ ಶಿಬಿರದಲ್ಲೇ ಗೊತ್ತಾಗಿಬಿಡುತ್ತದೆ. ಜಿಲ್ಲಾಧಿಕಾರಿ ಕಚೇರಿಯ 1077 ನಿಯಂತ್ರಣ ಕೊಠಡಿಯಲ್ಲಿ ಮುಂದಿನ ತಂಡದ ಬಗ್ಗೆ ವಿಚಾರಿಸಬಹುದು.

ಠಾಣೆಯ ಒಳಗೆ ಕಾಲಿಡಲು ಒಳ್ಳೆಯ ಸಮಯ ಏಪ್ರಿಲ್ 14ರಿಂದ 20. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು, ಬೆಂಕಿ ನಂದಿಸಲು ಹೋದ ದಳದ 66 ಮಂದಿ ಸತ್ತರು. ಅವರ ನೆನಪಿನಲ್ಲಿ ದೇಶವಿಡೀ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ; ಠಾಣೆಗಳಲ್ಲಿ ಪ್ರಾತ್ಯಕ್ಷಿಕೆ ಇರುತ್ತದೆ, ಸಿಬ್ಬಂದಿಗೆ ಮಾತಾಡಲು ಬಿಡುವೂ ಇರುತ್ತದೆ. ಭವಾನಿ ಪೇಠ್‌ನ ಕೇಂದ್ರ ಠಾಣೆಗೆ ಹೋದವರು ಏಣಿ ಗಾಡಿಯ ಫೋಟೊ ತೆಗೆದುಕೊಂಡು ಬರುವುದಕ್ಕಿಂತ ತಾಂಡೇಲ್ ಒಬ್ಬರನ್ನು ಹಿಡಿದು ಮೂರು ಪ್ರಶ್ನೆ ಕೇಳುವುದು ಲೇಸು: ಹೊಗೆಯಲ್ಲಿ ಉಸಿರಾಡಲು ಬಳಸುವ ಬಿ.ಎ. ಸೆಟ್ ಬೆನ್ನಿಗೇರಿಸಿದರೆ ಗಾಳಿ ಎಷ್ಟು ನಿಮಿಷ ಬರುತ್ತದೆ, ಈ ಠಾಣೆಯ ವ್ಯಾಪ್ತಿಯಲ್ಲಿ ಗಾಡಿ ಹೋಗಲಾಗದ ಗಲ್ಲಿಗಳು ಯಾವುವು, ಸಬ್ ಆಫೀಸರ್ ಕೋರ್ಸಿಗೆ ಇಲಾಖೆ ರಜೆ ಕೊಡುತ್ತದೆಯೇ.